ಕರುವಿನ ಹೊಟ್ಟೆ ನೋಡಿ ಸೊಪ್ಪು ಕೊಡಿ

ಹನ್ನೆರಡು ವರ್ಷಗಳ ಹಿಂದೆ ನಮ್ಮ ಕೊಟ್ಟಿಗೆಯಲ್ಲಿ ಹತ್ತು ದಿನದ ಹೆಣ್ಗರುವೊಂದು ಭೇದಿಗೆ ಬಿತ್ತು. ಊರಿನಲ್ಲಿ ಔಷಧಿ ಹೇಳುವವರಿಗೆ ಬರವಿರಲಿಲ್ಲ. ಒಬ್ಬರು ಬೇವಿನ ಸೊಪ್ಪಿನ ರಸ ಎಂದರು, ಇನ್ನೊಬ್ಬರು ಬೆಳ್ಳುಳ್ಳಿ, ಹಿಂಗು, ಮೆಣಸು ಅರೆದು ಬೆಲ್ಲದಲ್ಲಿ ಕಲಸಿ ಎಂದರು. ನಾನು ಎರಡನ್ನೂ ಸೇರಿಸಿ ಕಷಾಯ ಮಾಡಿದೆ. ಹಸುವಿಗೆ ಮದ್ದು ಹಾಕುವ ಬಿದಿರಿನ ಗೊಟ್ಟದಲ್ಲೇ ತುಂಬಿಸಿ, ಕರುವಿನ ತಲೆ ಮೇಲೆತ್ತಿ, ನಾಲಗೆಯನ್ನು ಪಕ್ಕಕ್ಕೆಳೆದು ಹೊಯ್ದೆ. ಎರಡು ದಿನ ಹೀಗೆ ನಡೆಯಿತು. ಮೂರನೇ ದಿನ ಕರು ಕೆಮ್ಮತೊಡಗಿತು, ಉಸಿರು ಜೋರಾಯಿತು, ಐದನೇ ದಿನ ಸತ್ತಿತು. ಕಷಾಯದ ಒಂದು ಪಾಲು ಶ್ವಾಸಕೋಶಕ್ಕೆ ಇಳಿದಿತ್ತೆಂದು ಆಮೇಲೆ ಬಂದ ಪಶುವೈದ್ಯರು ಹೇಳಿದರು.

ಆ ಕಷಾಯದಲ್ಲಿದ್ದ ಯಾವುದೂ ವಿಷವಲ್ಲ. ಎಲ್ಲವೂ ಅಡುಗೆಮನೆಯದೇ, ಹಿತ್ತಿಲದ್ದೇ. ದೊಡ್ಡ ಹಸುವಿನ ಮದ್ದನ್ನು ದೊಡ್ಡ ಹಸುವಿಗೆ ಹಾಕುವ ರೀತಿಯಲ್ಲೇ ಹಸುಗೂಸಿಗೆ ಹಾಕಿದ್ದು ನನ್ನ ತಪ್ಪು. ಗಿಡಮೂಲಿಕೆಗಳ ಮೇಲೆ ನನಗಿರುವ ನಂಬಿಕೆ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಯಾವ ಸೊಪ್ಪು ಒಳ್ಳೆಯದು ಎಂದು ಕೇಳುವ ಮೊದಲು ಈ ಕರುವಿನ ಹೊಟ್ಟೆ ಎಲ್ಲಿಗೆ ಬಂದಿದೆ ಎಂದು ನೋಡುವುದನ್ನು ಕಲಿತೆ. ಎಳೆಯ ಕರು, ಕುರಿಮರಿ, ಆಡುಮರಿ ಸಾಕುವವರಿಗೆ ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳೆಂದು ಶಾಲೆಯಲ್ಲೇ ಓದಿದ್ದೇವೆ. ಹುಟ್ಟಿದ ಕರುವಿನಲ್ಲಿ ಈ ನಾಲ್ಕರಲ್ಲಿ ಕೆಲಸ ಮಾಡುವುದು ಕೊನೆಯದೊಂದೇ. ಅದು ನಮ್ಮ ಜಠರದ ಹಾಗೆ ಹಾಲು ಜೀರ್ಣಿಸುವ ಕೋಣೆ. ಹುಲ್ಲು ಹುಳಿಸಿ ಮೆಲುಕಿಗೆ ಕೊಡುವ ಮೊದಲ ದೊಡ್ಡ ಚೀಲ ಆಗಿನ್ನೂ ಮುದುಡಿದ ಬಟ್ಟೆಯ ಹಾಗಿರುತ್ತದೆ. ಕರು ತಾನೇ ಚೀಪಿ ಕುಡಿದಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಕೋಣೆಗೆ ದಾಟಿಸುತ್ತದೆ. ಗೊಟ್ಟದಲ್ಲಿ ಹೊಯ್ದಾಗ ಆ ಮಡಿಕೆ ಸರಿಯಾಗಿ ಮುಚ್ಚಿಕೊಳ್ಳುತ್ತದೆಂಬ ಖಾತ್ರಿಯಿಲ್ಲ. ಮದ್ದು ಕೆಲಸವಿಲ್ಲದ ಚೀಲಕ್ಕೆ ಬಿದ್ದು ಅಲ್ಲೇ ಕೊಳೆಯಬಹುದು, ಇಲ್ಲವೇ ನಮ್ಮ ಕರುವಿಗಾದಂತೆ ಶ್ವಾಸನಾಳ ಸೇರಬಹುದು.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಬಹಳ ಜನ ಗಮನಿಸಿಲ್ಲ. ಎಳೆಗರುವಿನ ಕರುಳಿನಲ್ಲಿ ಕಬ್ಬಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದಿಲ್ಲ. ಹಾಲಿನ ಸಕ್ಕರೆ ಅದಕ್ಕೆ ಜೀರ್ಣವಾಗುತ್ತದೆ, ಗ್ಲೂಕೋಸ್ ನೇರವಾಗಿ ಹೀರಲ್ಪಡುತ್ತದೆ. ಕಬ್ಬಿನ ಸಕ್ಕರೆ, ಬೆಲ್ಲ ಮಾತ್ರ ಹಾಗೆಯೇ ಉಳಿದು ಕರುಳಿನೊಳಕ್ಕೆ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತವೆ. ನಮ್ಮ ನಾಟಿ ಔಷಧಿಯ ಉಂಡೆಗಳೆಲ್ಲ ಬೆಲ್ಲದಲ್ಲೇ ಕಟ್ಟಿದವು. ದೊಡ್ಡ ದನಕ್ಕೆ ಬೆಲ್ಲ ರುಚಿ, ಶಕ್ತಿ ಎರಡೂ ಹೌದು. ಹಾಲುಗರುವಿಗೆ ಅದೇ ಬೆಲ್ಲ ಹೊರೆ. ಭೇದಿಯಾಗುತ್ತಿರುವ ಎಳೆಗರುವಿಗೆ ಬೆಲ್ಲದುಂಡೆ ತಿನ್ನಿಸಿ, ಔಷಧಿ ಹಿಡಿಯಲಿಲ್ಲವಲ್ಲ ಎಂದು ಕೊರಗುವ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಮೊದಲ ಮೂರು ವಾರ

ಈ ಅವಧಿಯಲ್ಲಿ ಕರುವಿನ ಬಾಯಿಗೆ ಯಾವ ಮೂಲಿಕೆಯೂ ಬೇಡ. ಅದಕ್ಕೆ ಬೇಕಾದ ಔಷಧಿ ಗಿಣ್ಣುಹಾಲು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಅಂಶಗಳು ಹೊಟ್ಟೆಯೊಳಗಿನ ಕರುವಿಗೆ ದಾಟುವುದಿಲ್ಲ. ಅವೆಲ್ಲ ಗಿಣ್ಣಿನಲ್ಲೇ ಬರಬೇಕು. ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುವುದು ಹುಟ್ಟಿದ 24 ಗಂಟೆಯ ಒಳಗೆ ಮಾತ್ರ, ಅದರಲ್ಲೂ ಮೊದಲ ಕೆಲವು ತಾಸುಗಳಲ್ಲೇ ಹೆಚ್ಚು. ಕರುವಿನ ತೂಕದ ಹತ್ತನೇ ಒಂದು ಪಾಲು ಗಿಣ್ಣು ಮೊದಲ ದಿನದಲ್ಲೇ ಹೊಟ್ಟೆಗೆ ಇಳಿಯಬೇಕು. 30 ಕೆಜಿ ತೂಗುವ ಮಿಶ್ರತಳಿ ಕರುವಿಗೆ ಮೂರು ಲೀಟರ್, ಹತ್ತು ಕೆಜಿಯ ಆಸುಪಾಸಿನ ಮಲೆನಾಡು ಗಿಡ್ಡ ಕರುವಿಗೆ ಒಂದು ಲೀಟರ್. ಮೊದಲ ಕಂತು ಹುಟ್ಟಿದ ಎರಡು ತಾಸಿನೊಳಗೆ ಆಗಬೇಕು. ಕಸ ಬೀಳುವವರೆಗೆ ಕೆಚ್ಚಲು ಮುಟ್ಟಬಾರದು ಎಂಬ ರೂಢಿ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಬಿಟ್ಟುಬಿಡಿ. ಕಸಕ್ಕೂ ಗಿಣ್ಣಿಗೂ ಸಂಬಂಧವಿಲ್ಲ. ಗಿಣ್ಣು ಸಿಗದ ಕರುವಿಗೆ ಮುಂದೆ ಎಷ್ಟು ಅಮೃತಬಳ್ಳಿ ಅರೆದು ಕೊಟ್ಟರೂ ಆ ಕೊರತೆ ತುಂಬುವುದಿಲ್ಲ. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚುವುದೂ ಅದೇ ದಿನದ ಕೆಲಸ.

ಮೂಲಿಕೆ ಕೊಡಲೇಬೇಕೆಂದು ಮನಸ್ಸಿದ್ದರೆ ಈ ದಿನಗಳಲ್ಲಿ ತಾಯಿಗೆ ಕೊಡಿ. ಈದ ಹಸುವಿಗೆ ಮೆಂತ್ಯ, ಜೀರಿಗೆ, ಒಣಶುಂಠಿ ಹಾಕಿದ ಗಂಜಿ, ಶತಾವರಿ ಬೇರು ನಮ್ಮ ಹಿರಿಯರು ಕೊಡುತ್ತಲೇ ಬಂದದ್ದು. ತಾಯಿ ತಿಂದದ್ದರ ಅಂಶ ಹಾಲಿನಲ್ಲಿ ಕರುವಿಗೂ ತಲುಪುತ್ತದೆ; ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುವುದನ್ನು ಹಾಲು ಕರೆಯುವ ಎಲ್ಲರೂ ಬಲ್ಲರು.

ತಾಯಿಹಾಲಿನಲ್ಲಿ ಕೆಟ್ಟದ್ದೂ ಬರುತ್ತದೆ. ಎಮ್ಮೆಗರುಗಳಲ್ಲಿ, ಹಸುಗರುಗಳಲ್ಲೂ ಕಾಣುವ ಬಿಳಿಯ ದುಂಡು ಜಂತುವಿನ ಮರಿಗಳು ಹಾಲಿನ ಮೂಲಕವೇ ಕರುವಿನ ಹೊಟ್ಟೆ ಸೇರುತ್ತವೆ. ಎಮ್ಮೆಗರುಗಳು ಮೊದಲ ಎರಡು ಮೂರು ತಿಂಗಳಲ್ಲೇ ಸಾಯುವುದಕ್ಕೆ ಈ ಜಂತು ದೊಡ್ಡ ಕಾರಣ. ಹತ್ತರಿಂದ ಹದಿನೈದು ದಿನದೊಳಗೆ ಪೈಪೆರಜಿನ್ ಮದ್ದನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ ಹಾಕಲೇಬೇಕು. ಇಲ್ಲಿ ನಾನು ಯಾವ ಸೊಪ್ಪಿನ ಪರವಾಗಿಯೂ ಮಾತಾಡುವುದಿಲ್ಲ. ಬೇವು, ತುಂಬೆ, ಹಾಗಲ, ಮುತ್ತುಗದ ಬೀಜ ಜಂತಿಗೆ ಹೆಸರಾದವು, ನಿಜ. ಆದರೆ ಕೈಹಿಡಿಯಷ್ಟು ದಪ್ಪ ಜಂತಿನ ಗಂಟು ಕರುಳಿನಲ್ಲಿರುವ ಎಳೆಗರುವಿನ ಮೇಲೆ ಪ್ರಯೋಗ ಮಾಡುವ ಸಮಯ ಅದಲ್ಲ.

ಈ ವಯಸ್ಸಿನಲ್ಲಿ ಭೇದಿ ಬಂದರೆ ಕರುವನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ಕೊರತೆ. ಔಷಧಿ ಅಂಗಡಿಯಲ್ಲಿ ಮನುಷ್ಯರಿಗೆಂದು ಸಿಗುವ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣದಲ್ಲಿ ಗ್ಲೂಕೋಸ್, ಉಪ್ಪು, ಪೊಟ್ಯಾಸಿಯಂ ಎಲ್ಲವೂ ಇರುತ್ತವೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಕರಗಿಸಿ. 30 ಕೆಜಿ ಕರುವಿಗೆ ದಿನಕ್ಕೆ ಕನಿಷ್ಠ ಎರಡು ಲೀಟರ್, ಎರಡು ಮೂರು ಸಲ ಹಂಚಿ, ಬಾಟಲಿ ನಿಪ್ಪಲ್‌ನಲ್ಲಿ ಚೀಪಿಸಿ. ಹಾಲು ನಿಲ್ಲಿಸಬೇಡಿ, ಹಾಲಿಗೆ ಬೆರೆಸಲೂಬೇಡಿ. ಎರಡು ಸಲದ ಹಾಲಿನ ನಡುವೆ ಕೊಡಿ. ಕಣ್ಣು ಗುಳಿಬಿದ್ದರೆ, ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ, ಚೀಪುವ ಶಕ್ತಿ ಹೋಗಿದ್ದರೆ, ಸೆಗಣಿಯಲ್ಲಿ ರಕ್ತ ಕಂಡರೆ ಕಾಯದೆ 1962ಕ್ಕೆ ಫೋನು ಮಾಡಿ. ಸಂಚಾರಿ ಪಶುಚಿಕಿತ್ಸಾ ವಾಹನದ ಉಚಿತ ಸಂಖ್ಯೆ ಅದು.

ಒಲೆಯ ಪಕ್ಕದ ಡಬ್ಬಿಯಿಂದ

ಕರು ಎರಡನೇ ವಾರದಿಂದ ಹುಲ್ಲಿನ ಎಳೆ ಕಚ್ಚುತ್ತದೆ, ಗೋದಲಿ ಮೂಸುತ್ತದೆ. ಆಗ ಕರುಗಳಿಗೆಂದೇ ಮಾಡಿದ ಆಹಾರ, ಅಂದರೆ ಕಾಫ್ ಸ್ಟಾರ್ಟರ್, ಒಂದು ಹಿಡಿ ಮುಂದಿಡಿ, ಪಕ್ಕದಲ್ಲಿ ಶುದ್ಧ ನೀರಿಡಿ. ಮೆಲುಕಿನ ಚೀಲದ ಒಳಗೋಡೆಯಲ್ಲಿ ಟವೆಲಿನ ನೂಲಿನಂತಹ ಕುಚ್ಚುಗಳು ಬೆಳೆಯಬೇಕು. ಅವು ಬೆಳೆಯುವುದು ಕಾಳಿನ ಆಹಾರ ಹುಳಿತು ಬರುವ ಆಮ್ಲಗಳಿಂದ. ಬರೀ ಹಾಲು ಕುಡಿದ ಕರುವಿನಲ್ಲಿ ಅವು ಬಹಳ ತಡವಾಗಿ ಬರುತ್ತವೆ. ಹೊಟ್ಟೆ ಪೂರ್ತಿ ಸಿದ್ಧವಾಗಲು ಎರಡು ಮೂರು ತಿಂಗಳು ಬೇಕು.

ಮೂಲಿಕೆ ಕೊಡಲು ಸರಿಯಾದ ಬಾಗಿಲು ಈ ಸ್ಟಾರ್ಟರ್ ಆಹಾರವೇ. ನಾಲ್ಕನೇ ವಾರದಿಂದ, ಕರು ದಿನಕ್ಕೆ ಒಂದೆರಡು ಹಿಡಿ ಆಹಾರವನ್ನು ತಾನಾಗಿ ತಿನ್ನತೊಡಗಿದ ಮೇಲೆ, ಅದರಲ್ಲಿ ಪುಡಿ ಬೆರೆಸಿ. ಬಾಯಿ ಬಿಡಿಸಿ ಹಾಕುವ ಅಗತ್ಯವೇ ಬೀಳುವುದಿಲ್ಲ. ತಿನ್ನಲು ಒಪ್ಪದಿದ್ದರೆ ಅದೂ ಒಂದು ಸೂಚನೆ: ಒಂದೋ ಪುಡಿ ಹೆಚ್ಚಾಗಿದೆ, ಇಲ್ಲವೇ ಕರುವಿಗೆ ಹುಷಾರಿಲ್ಲ.

ನಮ್ಮ ಮನೆಯ ಪುಡಿ ಇಷ್ಟೇ: ಓಮ, ಜೀರಿಗೆ, ಮೆಂತ್ಯ ತಲಾ 100 ಗ್ರಾಂ, ಒಣಶುಂಠಿ ಮತ್ತು ಅರಿಶಿನದ ಕೊಂಬು ತಲಾ 50 ಗ್ರಾಂ, ಕಾಳುಮೆಣಸು 10 ಗ್ರಾಂ. ಬಿಸಿಲಿಗಿಟ್ಟು ಗರಿಗರಿಯಾದ ಮೇಲೆ ಪುಡಿಮಾಡಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಒಂದು ಕೆಜಿ ಸ್ಟಾರ್ಟರ್‌ಗೆ 5 ಗ್ರಾಂನಿಂದ ಶುರುಮಾಡಿ. ಎರಡು ವಾರದಲ್ಲಿ 10 ಗ್ರಾಂವರೆಗೆ ಏರಿಸಬಹುದು, ಅದರಾಚೆಗೆ ಬೇಡ. ಕಾಲು ಕೆಜಿ ತಿನ್ನುವ ಕರುವಿನ ಹೊಟ್ಟೆಗೆ ಮೊದಲಲ್ಲಿ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ. ಇದೇನು ಚಿಟಿಕೆಯಷ್ಟೇ ಎಂದು ನೋಡಿದವರು ಹೇಳುತ್ತಾರೆ. ಚಿಟಿಕೆಯಷ್ಟೇ ಸಾಕು. ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಆಗ ತಾನೇ ಮನೆ ಮಾಡುತ್ತಿರುತ್ತವೆ. ಪುಡಿ ಹೆಚ್ಚಾದರೆ ಅವೂ ಸಾಯುತ್ತವೆ.

ಓಮದಲ್ಲಿರುವ ಥೈಮಾಲ್ ಕೆಟ್ಟ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ, ಹೊಟ್ಟೆಯುಬ್ಬರ ಇಳಿಸುತ್ತದೆ. ಓಮ ಸಿಗದಿದ್ದರೆ ಹಿತ್ತಿಲ ದೊಡ್ಡಪತ್ರೆ ನೆರಳಿನಲ್ಲಿ ಒಣಗಿಸಿ ಹಾಕಿ. ಅದರ ಎಣ್ಣೆಯಲ್ಲಿರುವುದೂ ಅದೇ ಬಳಗದ ಪದಾರ್ಥ. ಮೆಂತ್ಯದ ವಾಸನೆ ಕರುವನ್ನು ಗೋದಲಿಗೆ ಎಳೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಅದು ಎಷ್ಟೋ ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಅರಿಶಿನಕ್ಕೆ ಮೆಣಸು ಸೇರಿಸುತ್ತಿದ್ದ ಅಜ್ಜಿಯರ ಕೈಗುಣ ಇಲ್ಲಿ ಅರ್ಥವಾಗುತ್ತದೆ. ಆದರೆ ಇದೇ ಮೆಣಸು ಬೇರೆ ಔಷಧಿಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೂ ಏರುಪೇರು ಮಾಡಬಲ್ಲದು. ಕರುವಿಗೆ ಇಂಜೆಕ್ಷನ್, ಮಾತ್ರೆ ನಡೆಯುತ್ತಿದ್ದರೆ ಆ ದಿನಗಳಲ್ಲಿ ಪುಡಿ ನಿಲ್ಲಿಸಿ. ಏನೇನು ಕೊಟ್ಟಿದ್ದೀರೆಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅರಿಶಿನವನ್ನು ಮಾತ್ರ ಕೊಂಬು ತಂದು ಮನೆಯಲ್ಲೇ ಪುಡಿಮಾಡಿಕೊಳ್ಳಿ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನ ಪುಡಿ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದದ್ದುಂಟು.

ಕಹಿಯವು, ಅಂದರೆ ಬೇವು, ನೆಲಬೇವು, ಅಮೃತಬಳ್ಳಿ, ಎರಡು ತಿಂಗಳಾದ ಮೇಲೆ ಸಾಕು. ಕಹಿ ಹೆಚ್ಚಾದರೆ ಕರು ಮೇವು ಬಿಡುತ್ತದೆ. ಹಸಿವು ಹೆಚ್ಚಿಸಲು ಕೊಟ್ಟದ್ದು ಹಸಿವು ಕೊಲ್ಲಬಾರದು. ವಾರಕ್ಕೊಂದೆರಡು ದಿನ ನಾಲ್ಕಾರು ಎಲೆ, ಅಷ್ಟೇ. ಬೇವಿನೆಣ್ಣೆ ಮಾತ್ರ ಯಾವ ಎಳೆಯ ಪ್ರಾಣಿಗೂ ಕುಡಿಸಬೇಡಿ. ಮನುಷ್ಯರ ಹಸುಗೂಸುಗಳಿಗೆ ಬೇವಿನೆಣ್ಣೆ ಕುಡಿಸಿ ಪ್ರಾಣಕ್ಕೆ ಅಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದು ಒಂಬತ್ತು ಶತಮಾನಗಳಾದವು. ನಾಟಿ ಪಶುವೈದ್ಯದ ಈ ತಿಳಿವಳಿಕೆಗೆ ಇಂದು ಮತ್ತೆ ಬೆಲೆ ಬಂದಿರುವುದಕ್ಕೆ ಹೊಸ ಕಾರಣವೂ ಇದೆ. ಮರಿಗಳು ಬೇಗ ಬೆಳೆಯಲೆಂದು ಆಹಾರದಲ್ಲೇ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲಿ ಪೂರ್ತಿ ನಿಷೇಧಿಸಿತು. ಭಾರತವೂ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿತು. ಅಲ್ಲಿಂದ ವಿಜ್ಞಾನಿಗಳ ಕಣ್ಣು ಓಮ, ಬೆಳ್ಳುಳ್ಳಿ, ಅರಿಶಿನದ ಮೇಲೆ ಬಿದ್ದಿದೆ. ತಮಿಳುನಾಡಿನ ಪ್ರೊ. ಎನ್. ಪುಣ್ಯಮೂರ್ತಿ ಮತ್ತು ಬೆಂಗಳೂರು ಯಲಹಂಕದ ಟಿಡಿಯು ವಿಶ್ವವಿದ್ಯಾಲಯದವರು ನಾಟಿ ಪಶುವೈದ್ಯವನ್ನು ಒರೆಗೆ ಹಚ್ಚಿದ್ದಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆ ಸೂತ್ರಗಳನ್ನು ಹಾಲಿನ ಸಂಘಗಳ ಮೂಲಕ ಹಳ್ಳಿಗಳಿಗೆ ತಲುಪಿಸಿದೆ. ಕೆಚ್ಚಲು ಬಾವು, ಭೇದಿ, ಜಂತಿಗೆ ಅವು ಬಳಕೆಯಲ್ಲಿವೆ. ಮೊಬೈಲಿನಲ್ಲಿ ಹರಿದಾಡುವ ಆ ಪಟ್ಟಿಗಳ ಅಳತೆ ಹೆಚ್ಚಾಗಿ ಬೆಳೆದ ಹಸುವಿನದು. ಅದನ್ನು ಹಾಗೇ ಕರುವಿಗೆ ಇಳಿಸಬೇಡಿ.

ಆಡು, ಕುರಿಗಳ ಮರಿ

ಆಡುಮರಿ ಎರಡು ವಾರಕ್ಕೆಲ್ಲ ಎಲೆ ಕಚ್ಚುತ್ತದೆ. ಅದರ ಬಾಯಿಗೆ ನಾವು ಔಷಧಿ ತುರುಕುವುದಕ್ಕಿಂತ, ಅದರ ಬಾಯಿಗೆಟಕುವ ಎತ್ತರದಲ್ಲಿ ಸೊಪ್ಪು ಕಟ್ಟಿದರೆ ತನಗೆ ಬೇಕಾದಷ್ಟನ್ನು ತಾನೇ ಆರಿಸಿ ತಿನ್ನುತ್ತದೆ. ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ. ಜಾಲಿಯ ಸೊಪ್ಪು, ಕಾಯಿ, ಹುಣಸೆ, ಹಲಸಿನೆಲೆ ಒಗರು. ಆ ಒಗರಿನ ಟ್ಯಾನಿನ್ ಜಂತುಗಳ ಹಾವಳಿ ಕಡಿಮೆ ಮಾಡುತ್ತದೆ, ಹಿಕ್ಕೆಯಲ್ಲಿ ಬೀಳುವ ಜಂತಿನ ಮೊಟ್ಟೆಗಳನ್ನು ತಗ್ಗಿಸುತ್ತದೆ. ಮೇವಿನಲ್ಲಿ ಒಗರೇ ಹೆಚ್ಚಾದರೆ ಅದು ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರುತ್ತದೆ. ಅದಕ್ಕೇ ಜೊತೆಗೆ ನುಗ್ಗೆಸೊಪ್ಪು ಕಟ್ಟಿ. ಒಣಗಿದ ನುಗ್ಗೆಸೊಪ್ಪಿನಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್.

ಮಳೆಗಾಲದಲ್ಲಿ ಮರಿಗಳನ್ನು ಕೊಲ್ಲುವುದು ರಕ್ತ ಹೀರುವ ಹೊಟ್ಟೆಹುಳ. ಒಂದೊಂದು ಹೆಣ್ಣುಹುಳವೂ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಮರಿಯ ಕೆಳರೆಪ್ಪೆ ಬಿಡಿಸಿ ನೋಡುವುದನ್ನು ರೂಢಿಸಿಕೊಳ್ಳಿ. ದಕ್ಷಿಣ ಆಫ್ರಿಕಾದ ಪಶುವೈದ್ಯರು ಇದಕ್ಕೆಂದೇ ಐದು ಬಣ್ಣಗಳ ಪಟ್ಟಿ ಮಾಡಿದ್ದಾರೆ. ಕೆಂಪಗಿದ್ದರೆ ಸೊಪ್ಪಿನಲ್ಲೇ ಸಾಗಬಹುದು. ಬಿಳಿಚಿದ್ದರೆ, ದವಡೆಯ ಕೆಳಗೆ ನೀರುಚೀಲದಂತೆ ಊತವಿದ್ದರೆ, ಸೊಪ್ಪಿನ ಕಾಲ ದಾಟಿತೆಂದು ತಿಳಿದು ಅವತ್ತೇ ಜಂತುನಾಶಕ ಹಾಕಿಸಿ.

ಕೈ ತಡೆಯಬೇಕಾದವು

ಈರುಳ್ಳಿ ಒಳ್ಳೆಯದೆಂದು ಕೊಳೆತ ಈರುಳ್ಳಿಯ ಗುಡ್ಡೆಗೆ ಕರು ಬಿಡುವವರಿದ್ದಾರೆ. ಈರುಳ್ಳಿಯ ಗಂಧಕದ ಅಂಶ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸಾಕುಪ್ರಾಣಿಗಳಲ್ಲಿ ಇದನ್ನು ತಡೆದುಕೊಳ್ಳಲು ದನಗಳಿಗೆ ಆಡು ಕುರಿಗಳಷ್ಟು ಶಕ್ತಿಯಿಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅಪಾಯ ಬಂದಿದೆಯೆಂದೇ ಅರ್ಥ. ಬೆಳ್ಳುಳ್ಳಿ ಇದೇ ಜಾತಿಯದು, ಕರುವಿಗೆ ದಿನಕ್ಕೊಂದು ಎಸಳಿನ ಮೇಲೆ ಬೇಡ. ಸುಬಾಬುಲ್‌ನಲ್ಲಿ ಮಿಮೋಸಿನ್ ಇದೆ, ಕೂದಲು ಉದುರಿಸುತ್ತದೆ, ಗಂಟಲ ಗ್ರಂಥಿ ಊದಿಸುತ್ತದೆ. ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ಮೆಲುಕಿನ ಚೀಲದಲ್ಲಿರುವುದರಿಂದ ಆ ಚೀಲ ಬಲಿಯುವವರೆಗೆ ಕೊಡಬಾರದು. ಮಲೆನಾಡಿನಲ್ಲಿ ಜಂತಿಗೆಂದು ಅಡಿಕೆ ಅರೆದು ಹಾಕುತ್ತಾರೆ. ಅಡಿಕೆಯ ಅರೆಕೊಲಿನ್ ಹುಳವನ್ನು ಸಡಿಲಿಸುವುದು ನಿಜ, ಎಳೆಯ ಹೃದಯದ ಬಡಿತವನ್ನು ನಿಧಾನಿಸುವುದೂ ನಿಜ. ಬಜೆಯೂ ಬೇಡ, ಅದನ್ನು ಅಮೆರಿಕ 1968ರಲ್ಲೇ ಆಹಾರದಿಂದ ಹೊರಗಿಟ್ಟಿತು. ಕಾಡಂಚಿನಿಂದ ಸೊಪ್ಪು ತರುವಾಗ ಲಂಟಾನದ ಒಂದು ಕುಡಿಯೂ ಸೇರದಂತೆ ನೋಡಿಕೊಳ್ಳಿ, ಅದು ಯಕೃತ್ತನ್ನೇ ಕೆಡಿಸುತ್ತದೆ. ಬೂಸ್ಟು ಹಿಡಿದ ಬೇರು, ಪುಡಿ ಯಾವುದೇ ಇರಲಿ, ಗೊಬ್ಬರದ ಗುಂಡಿಗೆ ಹಾಕಿ. ಅಂಗಡಿಯ ಗಿಡಮೂಲಿಕೆ ಟಾನಿಕ್ಕಿನಲ್ಲಿ ಯಾವುದು ಎಷ್ಟಿದೆ ಎಂದು ಬರೆದಿರದಿದ್ದರೆ ಕೊಳ್ಳಬೇಡಿ.

ಕೊಟ್ಟದ್ದು ಹಿಡಿಯಿತೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಮೈ ಮಿರುಗುತ್ತದೆ, ಚುರುಕಾಗಿದೆ ಎನ್ನುವುದು ನಮ್ಮ ಪ್ರೀತಿ ಆಡಿಸುವ ಮಾತು. ತೂಕ ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹತ್ತಿರಹತ್ತಿರ ಕೆಜಿ ತೂಕ. ಸುತ್ತಳತೆ 30, ಉದ್ದ 26 ಇಂಚಿದ್ದರೆ ಕರು ಸುಮಾರು 35 ಕೆಜಿ. ಚೆನ್ನಾಗಿ ಬೆಳೆಯುವ ಮಿಶ್ರತಳಿ ಕರು ದಿನಕ್ಕೆ 400ರಿಂದ 500 ಗ್ರಾಂ ಏರಬೇಕು. ವಾರಕ್ಕೆ ಮೂರು ಕೆಜಿ. ಪುಡಿ ಶುರುಮಾಡಿದ ಮೇಲೆ ಏರಿಕೆ ಕಡಿಮೆಯಾದರೆ ಪುಡಿ ನಿಲ್ಲಿಸಿ. ಏರಿಕೆಯೇ ಇಲ್ಲದಿದ್ದರೆ ಕೊರತೆ ಬಹುಪಾಲು ಮೂಲಿಕೆಯದಲ್ಲ, ಹಾಲಿನದು. ಡೈರಿಗೆ ಹಾಕುವ ಆಸೆಯಲ್ಲಿ ಕರುವಿನ ಪಾಲನ್ನು ನಾವೇ ಕರೆದುಕೊಂಡಿರುತ್ತೇವೆ.

ಇವತ್ತು ಸಂಜೆ ಹಾಲು ಕರೆಯಲು ಹೋಗುವಾಗ ಟೇಪು, ಪೆನ್ಸಿಲು ಜೊತೆಗೆ ಒಯ್ಯಿರಿ. ಕರುವಿನ ಸುತ್ತಳತೆ, ಉದ್ದ, ಹುಟ್ಟಿದ ದಿನಾಂಕ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಅವು ಬರೆದಾದ ಮೇಲೆಯೇ ಓಮದ ಡಬ್ಬಿಗೆ ಕೈಹಾಕಿ. ಎಳೆಗರುವಿಗೆ ಕಷಾಯ ಹೊಯ್ಯುವ ಗೊಟ್ಟ ಅಟ್ಟದಲ್ಲೇ ಇರಲಿ.